ಒದ್ದೆಯಾಗಿದ್ದ ಆರನೆಯ ಬ್ರಷ್ಷು

ರಕ್ತಸ್ರಾವಿ ಜ್ವರಗಳ ಪತ್ತೆಕಾರ್ಯದಲ್ಲಿ ಮೂವತ್ತನಾಲ್ಕು ವರ್ಷ ಸವೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ವೈದ್ಯೆಯವರನ್ನು ಪ್ರಯೋಗಾಲಯದಲ್ಲಿ ಎಲ್ಲರೂ ‘ಬ್ರಷ್ ಡಾಕ್ಟರು’ ಎಂದೇ ಕರೆಯುತ್ತಾರೆ. ರೋಗಿಯ ರಕ್ತಕ್ಕಿಂತ ಮೊದಲು ರೋಗಿಯ ಬಚ್ಚಲುಮನೆ ನೋಡಿ, ಹಲ್ಲುಜ್ಜುವ ಬ್ರಷ್ಷು ಎಣಿಸಬೇಕೆಂಬುದು ಅವರ ಹಟ. ಮನೆಯವರನ್ನು ಅವರು ಎಷ್ಟು ಜನರೆಂದು ಕೇಳುವವರಲ್ಲ; “ಯಾರ ಮೈ ಯಾರು ಒರೆಸಿದ್ರಿ?” ಎಂದೇ ಕೇಳುವರು. ಈ ಜ್ವರ ಆರೈಕೆ ಮಾಡಿದ ಕೈಯನ್ನೇ ಹುಡುಕಿಕೊಂಡು ಹೋಗುತ್ತದೆಂಬುದನ್ನು ಅವರು ಕಲಿತದ್ದು ಒಂದು ಮನೆಯಲ್ಲಿ.

ಸೇವೆಗೆ ಸೇರಿದ ಒಂಬತ್ತನೆಯ ವರ್ಷ. ತಂದೆ, ತಾಯಿ, ಚಿಕ್ಕಪ್ಪ, ಅಣ್ಣ, ಕೊನೆಗೆ ಅಜ್ಜಿ, ಹೀಗೆ ಒಂದೇ ಮನೆಯ ಐವರು ಒಬ್ಬರ ಹಿಂದೊಬ್ಬರಂತೆ ಆಸ್ಪತ್ರೆ ಸೇರಿದರು. “ಇನ್ನು ಮನೇಲಿ ಯಾರೂ ಇಲ್ಲ ತಾಯಿ, ಬೀಗ ಹಾಕಿದೀನಿ” ಎಂದರು ಅಜ್ಜಿ. ಬೀಗದ ಕೈ ಕೊಡಲು ಮಾತ್ರ ಏಕೋ ಹಿಂದೆಮುಂದೆ ನೋಡಿದರು.

ಎರಡು ದಿನ ಕಳೆದು, ಮನೆ ಶುಚಿಗೊಳಿಸುವ ಮುನ್ನ, ಡಾಕ್ಟರು ಮಟಮಟ ಮಧ್ಯಾಹ್ನ ಒಬ್ಬರೇ ಬೀಗ ತೆಗೆದು ಒಳಹೊಕ್ಕರು. ಬಚ್ಚಲಿನ ಲೋಟದಲ್ಲಿ ಆರು ಬ್ರಷ್ಷುಗಳಿದ್ದವು. ಐದು ಒಣಗಿ ಗಟ್ಟಿಯಾಗಿದ್ದವು. ಆರನೆಯದರಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಡಹಗಲಲ್ಲೇ ಮೈ ಜುಮ್ಮೆಂದಿತೆಂದು ಅವರು ಈಗಲೂ ನಾಚದೆ ಹೇಳಿಕೊಳ್ಳುತ್ತಾರೆ.

“ಒಳಗೆ ಯಾರಿದೀರಿ?”

ಗೋಡೆಬೀರುವಿನೊಳಗಿಂದ ದನಿ ಬಂತು: “ಯಾರೂ ಇಲ್ಲ.”

ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗಬೇಕಾದ ಮಾತು! ಬಾಗಿಲು ತೆರೆದರೆ ಹತ್ತೊಂಬತ್ತರ ಮೊಮ್ಮಗಳು, ಮೈ ಕಾದ ಹೆಂಚು. ತಾಯಿಯ ವಾಂತಿ ಬಳಿದವಳು, ರಕ್ತದ ಬಟ್ಟೆ ಒಗೆದವಳು ಅವಳೇ. ಆಸ್ಪತ್ರೆಗೆ ಹೋದವರು ಬರುವುದಿಲ್ಲ, ಒಬ್ಬಳಾದರೂ ಉಳಿಯಲಿ ಎಂದು ಅಜ್ಜಿ ಅವಳನ್ನು ಬಚ್ಚಿಟ್ಟು ಬೀಗ ಜಡಿದಿದ್ದರು.

ಮೊದಲ ಪರೀಕ್ಷೆ ರೋಗವಿಲ್ಲವೆಂದಿತು. ಮನೆಗೆ ಕಳಿಸಿಬಿಡಿ ಎಂದರು ಮೇಲಧಿಕಾರಿ. “ರಕ್ತ ಇಷ್ಟು ಬೇಗ ಬಾಯಿ ಬಿಡಲ್ಲ ಸಾರ್, ಮೂರು ದಿನ ಕೊಡಿ” ಎಂದು ಡಾಕ್ಟರು ಅವಳನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿಕೊಂಡು, ಚಿಕಿತ್ಸೆಯನ್ನೂ ಶುರುಮಾಡಿದರು. ಮೂರನೆಯ ದಿನ ರಕ್ತ ಬಾಯಿ ಬಿಟ್ಟಿತು. ಹುಡುಗಿ ಬದುಕಿದಳು. ಐವರಲ್ಲಿ ಯಾರೂ ಹಿಂದಿರುಗಲಿಲ್ಲ. ಅಜ್ಜಿಯ ಹರಕೆಯಂತೆಯೇ ಆಯಿತು, ಒಬ್ಬಳೇ ಉಳಿದಳು.

ಅವಳನ್ನು ಓದಿಸಿ, ಇದೇ ಪ್ರಯೋಗಾಲಯದಲ್ಲಿ ತಮ್ಮ ಪಕ್ಕದ ಮೇಜಿಗೆ ಕೂರಿಸಿಕೊಂಡವರೂ ಡಾಕ್ಟರೇ. ಈ ಸಾಲುಗಳನ್ನು ಬರೆಯುತ್ತಿರುವ ಕೈ ಅವಳದು.

ಮೇಡಂ, ನೂರು ಕಾಲ ಬಾಳಿ. ನಿವೃತ್ತಿಯೆಂದು ಸುಮ್ಮನೆ ಕೂರಬೇಡಿ. ನಿಮಗಾಗಿ ಕಾದಿರುವ ಮನೆಗಳಿನ್ನೂ ಇವೆ. ಯಾವ ಹೊತ್ತಿನಲ್ಲಾದರೂ ಪ್ರಯೋಗಾಲಯದ ಬಾಗಿಲಿಗೆ ಬಂದು “ಒಳಗೆ ಯಾರಿದೀರಿ?” ಎಂದು ಕೂಗಿ.

ನಾನಿದೀನಿ.