ನನ್ನ ಕಂಟ್ರೋಲರ್ ಹಿಡಿದು ಪಾಠ ಮಾಡಿದ ಮೇಷ್ಟ್ರು

ಮನೆ ಬದಲಿಸುವ ಗಡಿಬಿಡಿಯಲ್ಲಿ ಮೊನ್ನೆ ಅಟ್ಟದಿಂದ ರಟ್ಟಿನ ಡಬ್ಬವೊಂದನ್ನು ಇಳಿಸಿದೆ. ಒಳಗೆ ಹಳೆಯ ಪ್ಲಾಸ್ಟಿಕ್ ಕವರು, ಕವರಿನೊಳಗೆ ನನ್ನ ಗೇಮ್ ಕಂಟ್ರೋಲರ್. ಹೊರಗೆ ತೆಗೆದು ಮೂಗಿನ ಹತ್ತಿರ ಹಿಡಿದದ್ದೇ ತಡ, ಸೀನು ಬಂತು. ಒಂದರ ಹಿಂದೆ ಒಂದು. ಬಟನ್ನುಗಳ ಸಂದಿಯಲ್ಲಿ ಇಷ್ಟು ವರ್ಷದ ಮೇಲೂ ನಶ್ಯದ ಪುಡಿ ಕೂತಿತ್ತು. ನಾನು ನಶ್ಯ ಹಾಕುವವಳಲ್ಲ. ಆ ಪುಡಿ ನನ್ನ ಪಿಯುಸಿ ಕಾಲದ ಗಣಿತದ ಮೇಷ್ಟ್ರದು.

ಅವರು ತೀರಿಕೊಂಡ ಸುದ್ದಿ ಹೋದ ವಾರವೇ ಬಂದಿತ್ತು. ಆಗ ನನಗೆ ಏನೂ ಅನಿಸಿರಲಿಲ್ಲ. ಸೀನಿ ಸೀನಿ ಕಣ್ಣಲ್ಲಿ ನೀರು ಬಂದ ಮೇಲೆ ಹಳೆಯ ಸಿಟ್ಟೆಲ್ಲ ಒಟ್ಟಿಗೆ ಎದ್ದು ಕೂತಿತು. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಕೇಳಬೇಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ.

ಆ ಕಂಟ್ರೋಲರ್ ನನಗೆ ಬಂದದ್ದು ಸೋದರಮಾವನಿಂದ. ಅವನು ಟಿವಿಗೆ ಹಾಕಿ ಆಡುತ್ತಿದ್ದ ಗೇಮ್ ಯಂತ್ರ ಒಂದು ದಿನ ಕರೆಂಟು ಏರುಪೇರಾಗಿ ಸುಟ್ಟುಹೋಯಿತು. ಉಳಿದದ್ದು ಕಂಟ್ರೋಲರ್ ಒಂದೇ. “ಇನ್ನಿದು ಯಾತಕ್ಕೂ ಬರಲ್ಲ, ಇಟ್ಕೊ” ಎಂದು ನನ್ನ ಕೈಗೆ ಹಾಕಿದ. ಯಾತಕ್ಕೂ ಬರಲ್ಲ ಎಂದದ್ದೇ ನನಗೆ ಸವಾಲಾಯಿತು. ಹೊಸಹಳ್ಳಿಯ ನಮ್ಮ ಮನೆಯಲ್ಲಿದ್ದ ಕಂಪ್ಯೂಟರಿನ ಮುಂದೆ ರಜೆಯೆಲ್ಲ ಕೂತು ಅದನ್ನು ಜೋಡಿಸಲು ಕಲಿತೆ. ಎರಡು ಬಟನ್ನುಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು. ನೀಲಿ ದೀಪ ಮೊದಲು ನಿಧಾನವಾಗಿ, ಆಮೇಲೆ ಪಟಪಟನೆ ಮಿಣುಕುತ್ತದೆ. ಆಗ ಕಂಪ್ಯೂಟರಿನ ಬ್ಲೂಟೂತ್‌ನಲ್ಲಿ ಅದರ ಹೆಸರು ಕಾಣುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಇನ್ನೊಂದು ಸಣ್ಣ ಪ್ರೋಗ್ರಾಮು ಹಾಕಿಕೊಂಡು, ಈ ಬಟನ್ ಒತ್ತಿದರೆ ಕೀಬೋರ್ಡಿನ ಈ ಕೀ, ಹೆಬ್ಬೆರಳಿನಲ್ಲಿ ಈ ಪುಟ್ಟ ಸ್ಟಿಕ್ ತಳ್ಳಿದರೆ ಮೌಸು ಎಂದು ಒಂದೊಂದನ್ನೂ ಹೇಳಿಕೊಡಬೇಕು. ಯಾರೂ ಕಲಿಸದೆ ನಾನೇ ಕಲಿತ ಮೊದಲ ವಿದ್ಯೆ ಅದು.

ಅದರಿಂದ ನನಗೆ ಸಿಕ್ಕಿದ್ದು ಸಣ್ಣದೇನಲ್ಲ. ನಮ್ಮ ಬೀದಿಯ ಹುಡುಗರು ಭಾನುವಾರ ನಮ್ಮ ಮನೆಗೆ ಬಂದು ಫುಟ್‌ಬಾಲ್ ಗೇಮ್ ಆಡತೊಡಗಿದರು. ಗೆದ್ದವರ ಕೈಗೆ ಕಂಟ್ರೋಲರ್, ಸೋತವರಿಗೆ ಕೀಬೋರ್ಡ್ ಎಂಬುದು ನಾನು ಮಾಡಿದ ಕಾನೂನು. ಹೊರಗೆ ಕ್ರಿಕೆಟ್ಟಿಗೆ ನನ್ನನ್ನು ಸೇರಿಸಿಕೊಳ್ಳದ ಅದೇ ಹುಡುಗರು ಒಳಗೆ ಬಂದರೆ “ಗುರು, ಒಂದ್ಸಲ ಕೊಡು ಗುರು” ಎಂದು ಗೋಗರೆಯುತ್ತಿದ್ದರು. ಹುಡುಗರ ಜೊತೆ ಆಡಲು ಬೇರೆಯವರ ಮನೆಗೆ ಹೋಗುತ್ತೇನೆಂದರೆ ಅಮ್ಮ ಕಾಲು ಮುರಿಯುತ್ತಿದ್ದಳು. ಆಟ ನಮ್ಮ ಮನೆಯಲ್ಲಿ ನಡೆದರೆ ಮಾತ್ರ ನಾನು ಆ ಗುಂಪಿನಲ್ಲಿ ಒಬ್ಬಳು. ಕಂಟ್ರೋಲರ್ ಇದ್ದರೆ ಮಾತ್ರ ಆಟ ನಮ್ಮ ಮನೆಯಲ್ಲಿ.

ಮೇಷ್ಟ್ರ ಟ್ಯೂಷನ್ನು ರಾಜಾಜಿನಗರದಲ್ಲಿ, ಅವರದೇ ಮನೆಯ ಮಹಡಿಯ ಮೇಲೆ. ಗಣಿತದಲ್ಲಿ ಎತ್ತಿದ ಕೈ. ಬೈಯುವುದರಲ್ಲಿ ಅದಕ್ಕಿಂತ ಎತ್ತಿದ ಕೈ. ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ದಪ್ಪಗಿದ್ದವನು ಗೋಣಿಚೀಲ, ತಡವಾಗಿ ಬಂದವಳು ಸೆಕೆಂಡ್ ಶೋ. ನಮ್ಮ ಟೆಸ್ಟ್ ಪೇಪರುಗಳನ್ನು ತಾವು ತಿದ್ದುತ್ತಿರಲಿಲ್ಲ. ಪಕ್ಕದಲ್ಲಿ ಕೂತವರ ಕೈಯಲ್ಲಿ ತಿದ್ದಿಸಿ, ಅಂಕಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುತ್ತಿದ್ದರು. ಮಾನ ಕಳೆಯಲು ಕಂಡುಕೊಂಡ ಹೊಸ ದಾರಿ ಎಂದೇ ನಾನು ತಿಳಿದಿದ್ದೆ. ಬೋರ್ಡಿನ ಮೇಲೆ ಬರೆಯುವುದನ್ನೂ ಬಿಟ್ಟಿದ್ದರು. ಸೀಮೆಸುಣ್ಣದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದಂತೆ. ದಿನವಿಡೀ ಮೂಗಿಗೆ ನಶ್ಯ ತುಂಬುವ ಮನುಷ್ಯನ ಬಾಯಲ್ಲಿ ಈ ಮಾತು!

ಬೋರ್ಡಿನ ಬದಲು, ಹಿಂದೆ ಎಂದೋ ತಾವೇ ಬರೆದಿಟ್ಟ ಲೆಕ್ಕಗಳನ್ನು ಸ್ಕ್ಯಾನ್ ಮಾಡಿಸಿ, ಕಿಟಕಿಗೆ ಪರದೆ ಎಳೆದು, ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಡುತ್ತಿದ್ದರು. ಮೌಸಿನ ಬಾಣ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಇಳಿಯುವಾಗ ನಡುಗುತ್ತಿತ್ತು. ನಿಂತಲ್ಲೂ ನಡುಗುತ್ತಿತ್ತು. “ದರಿದ್ರ ಮೌಸು” ಎಂದು ಅದನ್ನು ಮೇಜಿಗೆ ಕುಕ್ಕುತ್ತಿದ್ದರು. ಹೊಸ ಮೌಸು ಬಂತು, ಅದೂ ದರಿದ್ರವೇ ಆಯಿತು. ಅಂಗಡಿಯವನು ಮೋಸ ಮಾಡಿದ ಎಂದರು. ನಾವೂ ನಂಬಿದೆವು.

ಆ ದಿನ ಕಂಟ್ರೋಲರ್ ನನ್ನ ಬ್ಯಾಗಿನಲ್ಲಿದ್ದದ್ದು ಮನೆಯಲ್ಲಿ ತಮ್ಮ ಮುಟ್ಟದಿರಲಿ ಎಂದು. ಪುಸ್ತಕಗಳ ಭಾರಕ್ಕೆ ಬಟನ್ ಅದುಮಿಹೋಗಿರಬೇಕು. ಕತ್ತಲು ಮಾಡಿದ ಕೋಣೆಯಲ್ಲಿ, ನನ್ನ ಬ್ಯಾಗಿನ ಜಿಪ್ಪಿನ ಸಂದಿಯಿಂದ ನೀಲಿ ಬೆಳಕು ಮಿಣುಕ್ ಮಿಣುಕ್...

“ಏನಮ್ಮ ಅದು, ಪೊಲೀಸ್ ಜೀಪಾ?” ಎಂದರು. ಕ್ಲಾಸೆಲ್ಲ ನಕ್ಕಿತು. ಹೊರಗೆ ತೆಗೆಸಿ ತಿರುಗಿಸಿ ನೋಡಿದರು. “ಹೆಣ್ಣುಮಕ್ಳಿಗ್ಯಾಕಮ್ಮ ಇದೆಲ್ಲ? ಪರೀಕ್ಷೆ ಮುಗೀಲಿ, ಕೊಡ್ತೀನಿ.”

ಡ್ರಾಯರ್ ಮುಚ್ಚಿತು. ಅಂದಿನಿಂದ ನನ್ನ ಹೆಸರು ಬ್ಲೂ ಲೈಟು.

ಪರೀಕ್ಷೆಗೆ ಇನ್ನೂ ಹೆಚ್ಚುಕಡಿಮೆ ಒಂದು ವರ್ಷವಿತ್ತು. ಅಳುತ್ತ ಹೋಗಿ ಅಮ್ಮನನ್ನು ಕರೆತಂದೆ. ನನ್ನ ಪರವಾಗಿ ಮಾತಾಡಲು ಬಂದವಳು ಮೇಷ್ಟ್ರನ್ನು ಕಂಡೊಡನೆ ಪಕ್ಷ ಬದಲಿಸಿದಳು. “ಒಳ್ಳೇದಾಯ್ತು ಸಾರ್, ನಿಮ್ಮ ಹತ್ರಾನೇ ಇರ್ಲಿ ಬಿಡಿ. ಮನೇಲಿದ್ರೆ ಇವ್ಳು ಓದಲ್ಲ.” ಮೇಷ್ಟ್ರು ಅವಳಿಗೆ ಕಾಫಿ ಕೊಡಿಸಿದರು. ನನ್ನ ವಸ್ತು ಕಿತ್ತುಕೊಂಡವರ ಮನೆಯ ಕಾಫಿಯನ್ನು ನನ್ನ ತಾಯಿ ಚಪ್ಪರಿಸಿ ಕುಡಿದಳು.

ಸ್ವಲ್ಪ ದಿನ ಬಿಟ್ಟು, ಎಲ್ಲರೂ ಹೊರಟ ಮೇಲೆ ಮೇಷ್ಟ್ರು ನನ್ನನ್ನು ತಡೆದರು. ಕಂಟ್ರೋಲರ್ ಮೇಜಿನ ಮೇಲಿತ್ತು.

“ಬ್ಲೂ ಲೈಟು, ಇದು ಈ ಕಂಪ್ಯೂಟರ್‌ಗೆ ಸೇರುತ್ತಾ?”

“ಸೇರುತ್ತೆ ಸಾರ್” ಎಂದೆ. ಸೇರಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗೊತ್ತಿರುವುದನ್ನು ಗೊತ್ತಿಲ್ಲ ಎನ್ನುವುದು ನನ್ನ ಜಾಯಮಾನವಲ್ಲ. ಜೋಡಿಸಿ ತೋರಿಸಿದರೆ ಮೆಚ್ಚಿಕೊಂಡು ವಾಪಸು ಕೊಟ್ಟಾರು ಎಂಬ ಆಸೆಯೂ ಇತ್ತು. ಜೋಡಿಸಿದೆ. ಈ ಬಟನ್ನಿಗೆ ಮುಂದಿನ ಪುಟ, ಇದಕ್ಕೆ ಹಿಂದಿನ ಪುಟ, ಸ್ಟಿಕ್ಕಿಗೆ ಬಾಣ ಎಂದು ಹೊಂದಿಸಿ ಅವರ ಕೈಗಿತ್ತೆ. ಕೋಣೆಯ ತುದಿಗೆ ಹೋಗಿ ನಿಂತು ಒತ್ತಿ ನೋಡಿದರು. ಗೋಡೆಯ ಮೇಲೆ ಪುಟ ಸರಿಯಿತು. “ಹೂಂ, ಚೆನ್ನಾಗಿದೆ. ಇಲ್ಲೇ ಇರ್ಲಿ” ಎಂದರು.

ಮರುದಿನ ಅವರ ಕುರ್ಚಿ ಕೋಣೆಯ ಹಿಂಭಾಗಕ್ಕೆ ಹೋಯಿತು. ಹಿಂದೆ ಕೂತರೆ ಕ್ಲಾಸಿನಲ್ಲಿ ಮಾತಾಡುವವರು ಸಿಕ್ಕಿಬೀಳುತ್ತಾರೆ ಎಂದು ಕಾರಣ ಕೊಟ್ಟರು. ಕತ್ತಲಲ್ಲಿ ನಮ್ಮೆಲ್ಲರ ಬೆನ್ನ ಹಿಂದೆ, ತೊಡೆಯ ಮೇಲೆ ನನ್ನ ಕಂಟ್ರೋಲರ್ ಇಟ್ಟುಕೊಂಡು ಪಾಠ. ಅವರ ಕಂಪ್ಯೂಟರೋ ಮಹಾ ಮರೆಗುಳಿ. ಆರಿಸಿ ಹಚ್ಚಿದರೆ ಕಂಟ್ರೋಲರಿನ ಗುರುತೇ ಇರುತ್ತಿರಲಿಲ್ಲ. ಹಾಗಾಗಿ ದಿನಾ ಎಲ್ಲರಿಗಿಂತ ಮೊದಲು ಬಂದು ಅದನ್ನು ಜೋಡಿಸಿಕೊಡುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ನನ್ನಿಂದ ಕಿತ್ತುಕೊಂಡದ್ದನ್ನು ನನ್ನ ಕೈಯಿಂದಲೇ ಸಜ್ಜು ಮಾಡಿಸಿಕೊಳ್ಳುವುದೆಂದರೆ... ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ಒಂದು ದಿನವೂ ಥ್ಯಾಂಕ್ಸ್ ಎಂದವರಲ್ಲ. ಬಟನ್ನುಗಳ ಮೇಲೆಲ್ಲ ನಶ್ಯ. ನನ್ನ ಕರವಸ್ತ್ರದಲ್ಲಿ ಒರೆಸಿದರೆ ಮರುದಿನ ಮತ್ತೆ ನಶ್ಯ.

ಇತ್ತ ಭಾನುವಾರಗಳು ಖಾಲಿಯಾದವು. ಹುಡುಗರು ಒಂದೆರಡು ವಾರ ಬಂದು ನೋಡಿದರು. “ಕಂಟ್ರೋಲರ್ ಇಲ್ದೆ ನಿಮ್ಮನೇಲಿ ಏನ್ ಮಾಡೋದು ಗುರು? ಸಿಕ್ಮೇಲೆ ಹೇಳು, ಬರ್ತೀವಿ” ಎಂದ ಒಬ್ಬ. ಆಮೇಲೆ ಬೀದಿಯ ಕೊನೆಯ ಮನೆಯವನು ಹೊಸದೊಂದು ತಂದ. ಭಾನುವಾರ ನಾನು ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಆ ಮನೆಯ ಕಿಟಕಿಯಿಂದ ಗೋಲ್ ಎಂಬ ಕೂಗು ಕೇಳುತ್ತಿತ್ತು. ನನ್ನದು ವಾಪಸು ಸಿಕ್ಕರೆ ಇವರೆಲ್ಲ ಮತ್ತೆ ಬರುತ್ತಾರೆ ಎಂದೇ ನಂಬಿದ್ದೆ. ಆ ನಂಬಿಕೆಯೊಂದರಿಂದ ಮೇಷ್ಟ್ರ ಬೈಗುಳವನ್ನೆಲ್ಲ ನುಂಗಿಕೊಂಡೆ.

ದಸರಾ ಕಳೆದ ಮೇಲೆ ಅವರು ಹೊಸ ರಾಗ ತೆಗೆದರು. “ನಿನ್ನ ಡಬ್ಬಾ ಕೆಟ್ಟಿದೆ ಕಣಮ್ಮ. ಬಾಣ ನಿಂತಲ್ಲಿ ನಿಲ್ತಿಲ್ಲ.”

ಒರಟಾಗಿ ಬಳಸಿ ಸ್ಟಿಕ್ ಸಡಿಲ ಮಾಡಿಬಿಟ್ಟರಲ್ಲ ಎಂದುಕೊಂಡೆ. ಅದಕ್ಕೊಂದು ಉಪಾಯವಿದೆ. ಸ್ಟಿಕ್ ಇಷ್ಟರೊಳಗೆ ಅಲುಗಿದರೆ ಲೆಕ್ಕಕ್ಕೆ ತಗೋಬೇಡ, ಅದಕ್ಕಿಂತ ಜೋರಾಗಿ ತಳ್ಳಿದರೆ ಮಾತ್ರ ಬಾಣ ಸರಿಸು ಎಂದು ಆ ಪ್ರೋಗ್ರಾಮಿಗೆ ಹೇಳಬಹುದು. ಹೇಳಿದೆ. ಬಾಣ ಗೋಡೆಯ ಮೇಲೆ ಗಪ್‌ಚಿಪ್ಪಾಗಿ ನಿಂತಿತು. ಕೆಲವು ವಾರ ಕಳೆದವು. ಮತ್ತೆ ಅದೇ ದೂರು. “ಇನ್ನೂ ಸ್ವಲ್ಪ ಹೆಚ್ಚಿಸು.” ಹೆಚ್ಚಿಸಿದೆ. ಸಂಕ್ರಾಂತಿಗೆ ಇನ್ನೂ ಸ್ವಲ್ಪ.

“ಸಾರ್, ಹಿಂಗೇ ಹೆಚ್ಚಿಸ್ತಾ ಹೋದ್ರೆ ಪೂರ್ತಿ ತಳ್ಳಿದ್ರೂ ಬಾಣ ಅಲುಗಲ್ಲ. ನಂಗೊಂದಿನ ಕೊಡಿ, ಬಿಚ್ಚಿ ಕ್ಲೀನ್ ಮಾಡ್ಕೊಡ್ತೀನಿ.”

“ಮಾಡು ಅಂದಷ್ಟು ಮಾಡಮ್ಮ. ನಿನ್ನ ಬುದ್ಧಿವಂತಿಕೆ ಲೆಕ್ಕದಲ್ಲಿ ತೋರ್ಸು.”

ಪರೀಕ್ಷೆಯ ಹೊತ್ತಿಗೆ ಆ ಸೆಟ್ಟಿಂಗು ತುದಿಗೆ ಬಂದು ನಿಂತಿತ್ತು. ಬಾಣವನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಪುಟ ಸರಿಸುವ ಬಟನ್ನು, ಬಾಯಿ, ಅಷ್ಟೇ. ನನ್ನ ಕಂಟ್ರೋಲರ್ ಸತ್ತೇ ಹೋಯಿತು ಎಂದುಕೊಂಡು ಒಳಗೊಳಗೇ ಅವರಿಗೆ ಶಾಪ ಹಾಕಿದೆ.

ಪರೀಕ್ಷೆ ಮುಗಿದ ಮರುದಿನ ಬೆಳಗ್ಗೆಯೇ ಹೋದೆ. ಗೇಟಿನ ಹತ್ತಿರವೇ ಮೇಷ್ಟ್ರು ಪ್ಲಾಸ್ಟಿಕ್ ಕವರು ಚಾಚಿದರು. ಹೇಗೆ ಬರೆದೆ ಎಂದು ಕೇಳಲಿಲ್ಲ, ಒಳಗೆ ಬಾ ಎನ್ನಲಿಲ್ಲ. “ಕೆಟ್ಟುಹೋಗಿದೆ, ರಿಪೇರಿ ಮಾಡಿಸ್ಕೊ” ಎಂದು ಒಳಗೆ ಹೋದರು.

ಮನೆಗೆ ಓಡಿ ಬಂದು ಜೋಡಿಸಿದೆ. ನಮ್ಮ ಕಂಪ್ಯೂಟರಿನ ಪ್ರೋಗ್ರಾಮಿನಲ್ಲೂ ಆ ಸೆಟ್ಟಿಂಗನ್ನು ಸೊನ್ನೆಗೆ ಇಳಿಸಿದೆ. ಬಾಣ ಎಷ್ಟು ಓಡಾಡುತ್ತದೋ ನೋಡೋಣ ಎಂದು ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕಾದೆ. ಬಾಣ ಅಲುಗಲಿಲ್ಲ. ಕೈಗೆತ್ತಿಕೊಂಡು ಹೆಬ್ಬೆರಳಿಟ್ಟೆ. ಆಗಲೂ ಅಲುಗಲಿಲ್ಲ. ನಿಧಾನವಾಗಿ ತಳ್ಳಿದರೆ ನಿಧಾನವಾಗಿ, ಜೋರಾಗಿ ತಳ್ಳಿದರೆ ಜೋರಾಗಿ, ಬಿಟ್ಟರೆ ಬಿಟ್ಟಲ್ಲಿ. ಮಾವ ಕೊಟ್ಟ ದಿನದ ಹಾಗೇ ಇತ್ತು. ಸ್ಟಿಕ್ ಯಾವತ್ತೂ ಕೆಟ್ಟಿರಲಿಲ್ಲ. ಮೌಸೂ ಕೆಟ್ಟಿರಲಿಲ್ಲ. ಅಂಗಡಿಯವನೂ ಮೋಸ ಮಾಡಿರಲಿಲ್ಲ. ನಡುಗುತ್ತಿದ್ದದ್ದು ಮೇಷ್ಟ್ರ ಕೈ.

ಬೋರ್ಡ್ ಬಿಟ್ಟದ್ದು, ನಮ್ಮ ಪೇಪರನ್ನು ನಮ್ಮಿಂದಲೇ ತಿದ್ದಿಸಿದ್ದು, ಕತ್ತಲ ಕೋಣೆಯಲ್ಲಿ ನಮ್ಮ ಬೆನ್ನ ಹಿಂದೆ ಹೋಗಿ ಕೂತದ್ದು... ಎಲ್ಲವೂ ಆ ಕೈಯನ್ನು ಮುಚ್ಚಿಡಲು. ನಾನು ಹೆಚ್ಚಿಸಿಕೊಟ್ಟ ಆ ಸೆಟ್ಟಿಂಗು ಕೂಡ. ಆ ವರ್ಷ ಅವರ ಕೈ ಎಷ್ಟೆಷ್ಟು ಹದಗೆಡುತ್ತ ಹೋಯಿತೆಂದು ಆ ಕ್ಲಾಸಿನಲ್ಲಿ ತಿಳಿದದ್ದು ನನಗೊಬ್ಬಳಿಗೆ. ಅದೂ ಎಲ್ಲ ಮುಗಿದ ಮೇಲೆ.

ಓದಿದವರಿಗೆ ಮರುಕ ಬರಬಹುದು. ನನಗೆ ಮೈಯೆಲ್ಲ ಸಿಟ್ಟು ಬಂತು. ಒಂದು ವರ್ಷ ನನ್ನ ವಸ್ತು ಇಟ್ಟುಕೊಂಡು, ನನ್ನ ಕೈಯಲ್ಲಿ ಚಾಕರಿ ಮಾಡಿಸಿಕೊಂಡು, ಕೊನೆಗೆ ಕೆಟ್ಟಿರುವುದು ನಿನ್ನದೇ ಎಂದು ಹೇಳಿ ಕಳಿಸಿದರಲ್ಲ! ಗೇಟಿನ ಹತ್ತಿರ ನಾವಿಬ್ಬರೇ ಇದ್ದೆವು. ಅಲ್ಲಾದರೂ ಒಂದು ಮಾತು ಹೇಳಬಹುದಿತ್ತು. ಹುಡುಗರಿಗೆ ಕಂಟ್ರೋಲರ್ ಬಂತೆಂದು ಹೇಳಿ ಕಳಿಸಿದೆ. “ಓ, ಸೂಪರ್ ಗುರು” ಎಂದರು. ಯಾರೂ ಬರಲಿಲ್ಲ. ಅವರ ಭಾನುವಾರಗಳು ಕೊನೆಯ ಮನೆಯಲ್ಲಿ ಬೇರು ಬಿಟ್ಟಿದ್ದವು. ಇಡೀ ಬೀದಿಯಲ್ಲಿ ನನ್ನನ್ನು ಗುರು ಎಂದು ಕರೆದು ಬಾಗಿಲು ತಟ್ಟುವವರು ಆಮೇಲೆ ಇರಲಿಲ್ಲ. ಕಂಟ್ರೋಲರನ್ನು ಅದೇ ಕವರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಮೇಷ್ಟ್ರ ಹತ್ತಿರ ಹೋಗಿ ಜಗಳವಾಡಬೇಕು ಎಂದು ಎಷ್ಟೋ ಸಲ ಹೊರಟಿದ್ದೇನೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಕೂತು ಪೂರ್ತಿ ಸಿದ್ಧ ಮಾಡಿಕೊಂಡದ್ದೂ ಇದೆ. ಅಷ್ಟರಲ್ಲಿ ಅವರು ಟ್ಯೂಷನ್ ಮುಚ್ಚಿ ಕೆಂಗೇರಿ ಕಡೆ ಮಗಳ ಮನೆಗೆ ಹೋದರೆಂದು ಗೊತ್ತಾಯಿತು. ಇನ್ನೊಂದು ದಿನ ಹೋದರಾಯಿತು ಎಂದುಕೊಂಡೆ. ಹೋಗಲಿಲ್ಲ. ಇನ್ನು ಆ ಜಗಳಕ್ಕೆ ಎದುರು ನಿಲ್ಲುವವರೇ ಇಲ್ಲ. ಇದು ನನಗೆ ಆದ ನಷ್ಟ, ನಿಜವಾದ ನಷ್ಟ. ಯಾರೆದುರು ಹೇಳಿದರೂ ಅರ್ಥವಾಗುವುದಿಲ್ಲ.

ನಮ್ಮ ಬ್ಯಾಚಿನವರ ಗ್ರೂಪೊಂದು ಫೋನಿನಲ್ಲಿದೆ. ಒಂದು ವಾರದಿಂದ ಅಲ್ಲಿ ಮೇಷ್ಟ್ರ ಗುಣಗಾನವೋ ಗುಣಗಾನ. ಇವತ್ತು ಮಧ್ಯಾಹ್ನ, ಹೊಸ ಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದಾಗ, ಒಬ್ಬ ಬರೆದ: “ಆ ವಯಸ್ಸಲ್ಲೂ ಸಾರ್ ಕೈ ಎಷ್ಟು ಗಟ್ಟಿ ಇತ್ತು ಮಗಾ! ಗೋಡೆ ಮೇಲೆ ಬಾಣ ಮೊಳೆ ಹೊಡ್ದಂಗೆ ನಿಲ್ತಿತ್ತು.”

ಪಾತ್ರೆ ಬಿಟ್ಟು ಕೂತೆ. ಬರೆಯಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅದು ಯಾರ ಕಂಟ್ರೋಲರ್, ಬಾಣವನ್ನು ನಿಲ್ಲಿಸಿದ್ದು ಯಾರು, ಕೈ ನಿಜಕ್ಕೂ ಹೇಗಿತ್ತು, ಎಲ್ಲವನ್ನೂ ಬರೆದೆ. ಕಳಿಸುವ ಗುರುತಿನ ಮೇಲೆ ಬೆರಳಿಟ್ಟೆ. ಸಾಯುವವರೆಗೆ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡದ್ದು ಅವರು. ಒಂದು ಸಲ ಒತ್ತಿದರೆ ಅಷ್ಟೂ ಜನರ ಮುಂದೆ...

ಅಷ್ಟನ್ನೂ ಅಳಿಸಿದೆ. “ಹೌದು, ಒಂಚೂರೂ ನಡುಗ್ತಿರ್ಲಿಲ್ಲ” ಎಂದು ಬರೆದು ಕಳಿಸಿದೆ. ಬದುಕಿದ್ದಾಗ ಮಾಡಿಸಿಕೊಂಡದ್ದು ಸಾಲದೆಂದು ಸತ್ತ ಮೇಲೂ ನನ್ನ ಕೈಯಲ್ಲಿ ಬಿಟ್ಟಿ ಚಾಕರಿ ಮಾಡಿಸಿಕೊಂಡರು ಮೇಷ್ಟ್ರು.