ಬಿಸಿನೀರಿನ ಕುಂಡದಲ್ಲಿ ಅಕ್ಕ

ಗಂಧಕದ ವಾಸನೆ. ಬಸ್ಸಿನ ಬಾಗಿಲು ತೆರೆದದ್ದೇ ತಡ, ಮೂಗಿಗೆ ಬಡಿಯಿತು. ವಿಲೆ ಪಾರ್ಲೆಯ ನಮ್ಮ ಹಿರಿಯ ನಾಗರಿಕರ ತಂಡ ಕಳೆದ ತಿಂಗಳು ಅಮೆರಿಕದ ರಾಷ್ಟ್ರೀಯ ಉದ್ಯಾನವೊಂದಕ್ಕೆ ಹೋಗಿತ್ತು. ಎದುರಿಗೆ ಹಬೆಯಾಡುವ ಕೊಳ. ನಡುವೆ ಅಚ್ಚ ನೀಲಿ, ಸುತ್ತ ಹಸಿರು, ಅಂಚಿಗೆ ಕೆಂಪು ಹಳದಿ. ತುಸು ದೂರದಲ್ಲಿ ಬಿಸಿನೀರು ಬುಸ್ಸೆಂದು ಆಕಾಶಕ್ಕೆ ಚಿಮ್ಮಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಒಂದು ಕಾಲದಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಅಕ್ಕನ ಜೊತೆ ವಜ್ರೇಶ್ವರಿಯ ಬಿಸಿನೀರಿನ ಕುಂಡಕ್ಕೆ ಹೋದದ್ದು ನೆನಪಾಯಿತು...

ಆಗ ನಾನು ಮದುವೆಯಾಗಿ ಕುಂದಾಪುರದಿಂದ ಕುರ್ಲಾದ ಒಂದೊಂದೇ ಕೋಣೆಯ ಮನೆಗಳ ಚಾಳಿಗೆ ಬಂದ ಹೊಸತು. ಅಕ್ಕ ವಿಜಯಪುರದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ, ಅವಳು ಮನೆಮನೆಯ ಪಾತ್ರೆ ತೊಳೆಯಲಿಕ್ಕೆ. ಸೋಪಿನ ನೀರಿಗೋ ಏನೋ, ಕೈಗೆ ಹತ್ತಿದ ಇಸುಬು ಬೆನ್ನಿಗೂ ಹಬ್ಬಿತ್ತು. ಅಂಟುವುದಲ್ಲ ಎಂದು ಡಾಕ್ಟರು ಹೇಳಿದ್ದರೂ ಚಾಳಿನವರು ನಂಬಲಿಲ್ಲ. ಎಲ್ಲರ ಕೊಡ ತುಂಬಿದ ಮೇಲೆಯೇ ಅವಳು ನಲ್ಲಿಗೆ ಬರಬೇಕು. ಕೆಟ್ಟವರೇನಲ್ಲ, ಮಾತಾಡಿಸುತ್ತಿದ್ದರು. ಆದರೆ ಅರಿಸಿನ ಕುಂಕುಮದ ದಿನ ಬಟ್ಟಲನ್ನು ಅವಳ ಮುಂದೆ ನೆಲದ ಮೇಲಿಡುತ್ತಿದ್ದರು.

ವಜ್ರೇಶ್ವರಿಯಲ್ಲಿ ಮಿಂದರೆ ಚರ್ಮರೋಗ ವಾಸಿಯಾಗುತ್ತದೆ ಎಂದು ಯಾರೋ ಅವಳಿಗೆ ಹೇಳಿದರು.

"ತಂಗೀ, ನೀನೂ ಬರ್ತಿಯೇನ? ಒಬ್ಬಾಕಿನ ಹೋಗಾಕ ಅಂಜಿಕಿ ಬರ್ತೈತಿ."

"ಬತ್ತೆ ಅಕ್ಕಾ. ನಂಗೂ ಕೂತ್ ಕೂತ್ ಬೇಜಾರಾಯ್ತ್."

ದಾರಿಯಲ್ಲಿ ಗಾಡಿ ಬದಲಿಸಿ ವಿರಾರ್ ಲೋಕಲ್ ಹಿಡಿದು, ಅಲ್ಲಿಂದ ಸರಕಾರಿ ಎಸ್ಟಿ ಬಸ್ಸಿನಲ್ಲಿ ಹೋದೆವು. ಹೆಂಗಸರ ಕುಂಡ ತುಂಬಿತ್ತು. ಅಕ್ಕ ಬೆನ್ನಿಗೆ ಸೆರಗು ಬಿಗಿದು, ಮೆಟ್ಟಿಲ ಮೇಲೆ ಕೂತು ಪಾದವನ್ನಷ್ಟೇ ನೀರಿಗೆ ಬಿಟ್ಟಳು. "ಅವರೆಲ್ಲಾ ಎದ್ದು ಹೋಗ್ಲಿ, ಆಮ್ಯಾಲ ಇಳೀತೀನಿ."

ಯಾರೂ ಏಳಲಿಲ್ಲ. ಕೊರಳವರೆಗೆ ನೀರಿನಲ್ಲಿದ್ದ ಮರಾಠಿ ಮುದುಕಿಯೊಬ್ಬಳು ಅಕ್ಕನ ಕೈ ಹಿಡಿದು ಒಳಕ್ಕೆಳೆದುಕೊಂಡಳು. ಜಾರಿದ ಸೆರಗಿನ ಕೆಳಗೆ ಬೆನ್ನು ಕಂಡಿತು. "ಪಾಠ್ ಚೋಳೂ ಕಾ?" ಬೆನ್ನು ಉಜ್ಜಲೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಂಗೈಯಿಂದ ಮೆಲ್ಲಗೆ ಉಜ್ಜತೊಡಗಿದಳು. ಬಾಯಲ್ಲಿ ತನ್ನ ಮಂಡಿನೋವಿನ ಕಥೆ.

ಅಕ್ಕ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ನೋವಾಯಿತೇನೋ ಎಂದು ಮುದುಕಿ ಗಾಬರಿಯಿಂದ ಕೈ ತೆಗೆದಳು.

"ನಾಹೀ ಆಜೀ, ಥಾಂಬೂ ನಕಾ," ಎಂದಳು ಅಕ್ಕ. ಇಲ್ಲ ಅಜ್ಜಿ, ನಿಲ್ಲಿಸಬೇಡಿ.

ವಾಪಸು ಬರುವಾಗ ವಿರಾರ್ ಸ್ಟೇಷನ್ನಿನ ಬೆಂಚಿನಲ್ಲಿ ಬಾಯಿಬಿಟ್ಟಳು. "ಎರಡ ವರ್ಷಾತು ತಂಗಿ, ನನ್ನ ಯಾರೂ ಮುಟ್ಟಿದ್ದಿಲ್ಲ. ನಮ್ಮ ಮನೆಯವ್ರೂ..." ನಾನು ಅವಳ ಕೈಯನ್ನು ನನ್ನ ಮಡಿಲಲ್ಲಿಟ್ಟುಕೊಂಡೆ. ಲೋಕಲ್ ಬರುವವರೆಗೂ ಹಾಗೇ ಕೂತಿದ್ದೆವು.

ಇಸುಬು ವಾಸಿಯಾಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅಕ್ಕ ತನ್ನ ಕೊಡವನ್ನು ಎಲ್ಲರ ಕೊಡಗಳ ನಡುವೆ ಇಟ್ಟಳು. ಹೆಂಗಸರು ಮುಖ ಮುಖ ನೋಡಿಕೊಂಡರು. ನಮ್ಮತ್ತೆ ಏನೋ ಹೇಳಹೊರಟರು.

"ನಂದೂ ಕೊಡ ಐತ್ರಿ," ಎಂದಳು ಅಕ್ಕ, ದನಿ ಏರಿಸದೆ. "ಪಾಳಿ ಬಂದಾಗ ತುಂಬ್ಕೋತೀನಿ."

ಆ ಕೊಡವನ್ನು ಯಾರೂ ಸರಿಸಲಿಲ್ಲ.

ಆಮೇಲೆ ಚಾಳು ಕೆಡವಿ ಬಿಲ್ಡಿಂಗ್ ಬಂತು. ಅಕ್ಕನ ಮನೆಯವರು ವಿಕ್ರೋಳಿಗೆ ಹೋದರು, ನಾವು ಪಾರ್ಲೆಗೆ... ಸಂಪರ್ಕ ತಪ್ಪಿತು.

ಪ್ರವಾಸದಿಂದ ಮರಳಿದ ಮೇಲೆ ಹುಡುಕಿ ಹುಡುಕಿ ಚಾಳಿನ ಹಳೆಯ ಗೆಳತಿಯೊಬ್ಬಳಿಗೆ ಫೋನು ಮಾಡಿದೆ. ಅಕ್ಕ ತೀರಿಕೊಂಡು ಮೂರು ಮಳೆಗಾಲ ಕಳೆಯಿತಂತೆ.

"ಕೊನೆಗಾಲಕ್ಕೆ ಹತ್ರ ಯಾರಿದ್ರಂತೆ?" ಎಂದು ಕೇಳಿದೆ.

"ಅದೊಂದು ಗೊತ್ತಿಲ್ಲ ಮಾರಾಯ್ತಿ," ಎಂದಳು.

ಫೋನಿಟ್ಟೆ. ಯಾರಾದರೂ ಇದ್ದಿರಬೇಕು, ಕೈ ಹಿಡಿದುಕೊಂಡಿರಬೇಕು... ಹಾಗೆಂದುಕೊಳ್ಳದೆ ನನಗೆ ಬೇರೆ ದಾರಿಯಿಲ್ಲ.