ಮಗ್ಗದ ಓಣಿಯಲ್ಲಿ ರೇಸ್ ಬೈಕು

ಟೂ ಸ್ಟ್ರೋಕ್ ಎಂಜಿನ್ನನ್ನು ಬರೀ ಕಿವಿಯಿಂದಲೇ ಹದಕ್ಕೆ ತರುವವನು ನಾನು. ಮುಧೋಳದ ಮಣ್ಣಿನ ರೇಸಿಗೆ ಎರಡೇ ದಿನ ಉಳಿದಿತ್ತು. ಬನಹಟ್ಟಿಯಲ್ಲಿ ಗೆಳೆಯನ ಮನೆ ಮುಂದೆ ನನ್ನ ಬೈಕಿನ ಕಾರ್ಬುರೇಟರ್ ಸರಿಮಾಡಿ, ಎಕ್ಸಲರೇಟರ್ ತಿರುವಿ ನೋಡಿ, ಕೆಲಸ ಮುಗೀತು ಅಂದೆ. ಓಣಿಯ ತುಂಬ ಪವರ್‌ಲೂಮುಗಳ ಖಟಖಟ.

ಎದುರು ಮನೆಯ ಹಿರಿಯ ನೇಕಾರರೊಬ್ಬರು ಬಂದು, ನನ್ನನ್ನು ಕೇಳದೆಯೇ ಬೈಕಿನ ಟಾಂಕಿಯ ಮೇಲೆ ಅಂಗೈ ಊರಿದರು.

"ನಡನಡುವ ಒಂದೊಂದು ಹೊಡತ ತಪ್ಪಾಕತ್ತೈತಿ ನೋಡ್ರಿ," ಎಂದು ನನ್ನ ಕಿವಿಯಲ್ಲಿ ಕೂಗಿದರು.

"ನನಗ ಹಂಗೇನೂ ಕೇಳಸವಲ್ದಲ್ರಿ ಕಾಕಾ."

"ಈ ಓಣ್ಯಾಗ ಕಿವಿ ನಂಬಬ್ಯಾಡ್ರಿ. ಮಗ್ಗ ಕೆಟ್ಟದ್ದು ನಮಗ ಅಂಗೈಗೇ ತಿಳಿತೈತಿ."

ಅವರ ಮಾತು ಸುಳ್ಳು ಮಾಡಬೇಕೆಂದೇ ಎಂಜಿನ್ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಅದು ಕಾಡಿಗೆಯಂತೆ ಕಪ್ಪಾಗಿ ತೊಯ್ದಿತ್ತು. ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಹೋಗುತ್ತಿತ್ತು. ಕಾರ್ಬುರೇಟರಿನ ಸೂಜಿಯನ್ನು ಒಂದು ಗೀರು ಕೆಳಗಿಳಿಸಿ, ಪ್ಲಗ್ ಒರೆಸಿ ಹಾಕಿ, ಮತ್ತೆ ಕಿಕ್ ಹೊಡೆದೆ. ಅವರು ಮತ್ತೆ ಅಂಗೈ ಇಟ್ಟು, ತಲೆಯಾಡಿಸಿ, ತಮ್ಮ ಮಗ್ಗಕ್ಕೆ ಹೋದರು.

ಮುಧೋಳದಲ್ಲಿ ಗೆದ್ದೆ. ಈಗ ನನ್ನ ಗ್ಯಾರೇಜಿಗೆ ಯಾವ ಗಾಡಿ ಬಂದರೂ ಮೊದಲು ಟಾಂಕಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತೇನೆ. ಆಶೀರ್ವಾದ ಮಾಡುತ್ತಿದ್ದೇನೆ ಅಂದುಕೊಂಡು ಕೆಲವು ಗಿರಾಕಿಗಳು ಚಪ್ಪಲಿ ಕಳಚಿ ನಿಲ್ಲುತ್ತಾರೆ. ನಾನೂ ತಿದ್ದಲು ಹೋಗಿಲ್ಲ.